ಕಾಂಪೌಂಡರ್ ಗಾಡಿಯ ಟಿಕ್ ಸದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಟಿಕ್ ಸದ್ದು.

ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ವಿನಯ್ ಕುಮಾರನ ಹಳೇ ಬುಲೆಟ್ಟು ನಿಂತಲ್ಲೇ ಡಗ್, ಡಗ್, ಡಗ್ ಎಂದು ಬಡಿದುಕೊಳ್ಳುತ್ತ ನಡುವೆ ಒಮ್ಮೊಮ್ಮೆ ಸಣ್ಣಗೆ ಟಿಕ್ ಅನ್ನುತ್ತಿತ್ತು, ಹಿರಿಯರು ಮಾತಿನ ನಡುವೆ ಅಡಿಕೆ ಕಡಿದ ಹಾಗೆ. ಗಾಡಿ ಅವನ ಅಪ್ಪನದು. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಬದುಕಿರುವತನಕ ಆ ಬುಲೆಟ್ಟನ್ನು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ, ಬಸ್ಸಿಗಿಂತ ಬಹಳ ನಿಧಾನವಾಗಿ ಓಡಿಸಿದವರು. ಹಳ್ಳಿಗಳಲ್ಲಿ ಆ ಟಿಕ್ ಸದ್ದು ದೂರದಲ್ಲಿ ಕೇಳಿದರೆ ಸಾಕು, ಹೆಂಗಸರು ಕುಂಟುವ ಎಮ್ಮೆ, ಮೇವು ಬಿಟ್ಟ ಹಸು ಹಿಡಿದುಕೊಂಡು ರಸ್ತೆಗೆ ಬಂದು ನಿಲ್ಲುತ್ತಿದ್ದರು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಊರಂಚಿನ ಉಡಚಮ್ಮ ಮಾತ್ರ ಈಗಲೂ ಆ ಸದ್ದಿಗೆ ಅಂಗಳಕ್ಕೆ ಬರುತ್ತಾಳೆ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. "ಕಾಂಪೌಂಡರ ಮಗ ಅಲ್ಲೇನಪ್ಪಾ" ಎಂದು ಮಾತಾಡಿಸಿ, ಇವನಿಗೆ ದನದ ವಿಷಯ ಏನೂ ಗೊತ್ತಿಲ್ಲ ಎಂಬುದು ನೆನಪಾದ ಕೂಡಲೇ ಒಳಗೆ ಹೋಗುತ್ತಾಳೆ.

ವಿನಯನಿಗೆ ಆ ಗಾಡಿಯೆಂದರೆ ಜೀವ. ಹೆಂಡತಿ ಪ್ರೇಮಲತಾಗೆ ಬೇಕಾಗಿದ್ದದ್ದು ಸ್ಕೂಟಿ. ಅವಳು ಬ್ಲೌಸು ಹೊಲಿಯುತ್ತಿದ್ದಳು. ಬಟ್ಟೆ ತರಲು, ಹೊಲಿದದ್ದು ಕೊಡಲು ಪ್ರತಿ ಸಲವೂ ಗಂಡನನ್ನು ಕಾಯಬೇಕು, ಗಂಡ ಬುಲೆಟ್ಟನ್ನು ಕಾಯಬೇಕು, ಬುಲೆಟ್ಟು ತನ್ನ ಮನಸ್ಸು ಬಂದಾಗ ಸ್ಟಾರ್ಟ್ ಆಗಬೇಕು. ಮನೆ ಮುಂದೆ ಇದ್ದದ್ದು ಒಂದು ಗಾಡಿ ನಿಲ್ಲುವಷ್ಟೇ ಜಾಗ. ಎರಡನೆಯದಕ್ಕೆ ಎಡೆಯಿರಲಿಲ್ಲ.

ಹೀಗಿರುವಾಗ ಹೊನ್ನಾಳಿಯಿಂದ ಅವನ ಷಡ್ಡಕ ತಿಪ್ಪೇರುದ್ರಸ್ವಾಮಿ ಫೋನು ಮಾಡಿದ. ಪ್ರೇಮಲತಾಳ ತಂಗಿಯ ಗಂಡ ಇವನು. ಮಾತು ಕಮ್ಮಿ, ನಗು ಜಾಸ್ತಿ, ಹಾಗಾಗಿ ಮಾವನ ಮನೆಯಲ್ಲಿ ವಿನಯನಿಗಿಂತ ಇವನದೇ ಒಂದು ಕೈ ಮೇಲೆ. ರಾಜ್ಯೋತ್ಸವಕ್ಕೆ ನಮ್ಮ ಯುವಕರ ಸಂಘದವರು ಭಾನುವಾರ ಬೈಕ್ ಸ್ಪರ್ಧೆ ಇಟ್ಟಿದ್ದಾರೆ, ಉಬ್ರಾಣಿಯಿಂದ ಮಾವನವರೇ ಬಹುಮಾನ ಕೊಡಲು ಬರುತ್ತಾರೆ, ನಿಮ್ಮ ಹೆಸರನ್ನೂ ಸೇರಿಸಿದ್ದೇನೆ ಅಂದ. ತಾನೂ ಒಂದು ಗಾಡಿ ಹೊಂದಿಸುತ್ತಿದ್ದೇನೆ ಅಂತಲೂ ಹೇಳಿದ. ವಿನಯನಿಗೆ ಗೊತ್ತಿದ್ದ ಮಟ್ಟಿಗೆ ರುದ್ರಸ್ವಾಮಿಯ ಹತ್ತಿರ ಇದ್ದದ್ದು ಹಾಲಿನ ಕ್ಯಾನು ಕಟ್ಟುವ ಒಂದು ಮೊಪೆಡ್ಡು. ಅವನು ಫೋನಿಟ್ಟು ಗಟ್ಟಿಯಾಗಿ ನಕ್ಕ.

ಆ ನಗು ಪ್ರೇಮಲತಾಳ ಕಿವಿಗೆ ಬಿತ್ತು. ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದಳು.

"ಅಷ್ಟು ಧೈರ್ಯ ಇದ್ರೆ ಗೆದ್ದು ಬರ್ರಿ ನೋಡೋಣ. ಗೆದ್ರೆ ಈ ಗಾಡಿ ಮಾರ್ರಿ ಅಂತ ನಾನು ಜನ್ಮದಾಗೆ ಅನ್ನಲ್ಲ. ಸೋತ್ರೆ ಸೋಮವಾರನೇ ಮಾರಬೇಕು, ಸ್ಕೂಟಿ ಬರಬೇಕು."

ವಿನಯ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಯೋಚನೆ ಶುರುವಾಯಿತು. ಸೋತರೆ ಅಪ್ಪನ ಗಾಡಿ ಯಾರದೋ ಪಾಲು. ಆ ಯೋಚನೆಯಿಂದ ತಪ್ಪಿಸಿಕೊಳ್ಳಲು ವಾರವಿಡೀ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಬೈಕು ರೇಸಿನ ವಿಡಿಯೋ ನೋಡಿದ. ಸವಾರರು ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗಿ ತಿರುವಿನಲ್ಲಿ ಹೊರಳುತ್ತಿದ್ದರು. ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಲು ಬಂದವರು ಎರಡೆರಡು ಸಲ ಕೂಗಬೇಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಪ್ರೇಮಲತಾ ತಂಗಿಯ ಮನೆಗೆಂದು ಮೊದಲ ಬಸ್ಸಿಗೇ ಹೋದಳು. ವಿನಯ ಗಾಡಿ ಒರೆಸಿ, ಕಿಕ್ ಹೊಡೆದು ಕಿವಿಗೊಟ್ಟು ನಿಂತಿದ್ದ. ಆಗ ಎದುರು ಮನೆಯ ಬೆನಕಪ್ಪ ಲೋಟ ಹಿಡಿದುಕೊಂಡೇ ರಸ್ತೆ ದಾಟಿ ಬಂದರು. ಬೆನಕಪ್ಪ ರಿಟೈರಾದ ಬಸ್ ಡ್ರೈವರು. ರಿಟೈರಾದದ್ದು ಬಸ್ಸಿನಿಂದ ಮಾತ್ರ, ಊರಿನ ಬೇರೆ ಯಾವ ವಾಹನದ ಉಸ್ತುವಾರಿಯನ್ನೂ ಅವರು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

"ಏನಿದು ಟಿಕ್ ಟಿಕ್?" ಅಂದರು. "ಟ್ಯಾಪೆಟ್ ಹೋಗೈತೆ. ಟ್ಯಾಪೆಟ್ ಹೋದ್ರೆ ಕ್ಯಾಮೂ ಹೋಗೈತೆ ಅಂತ್ಲೇ ತಿಳ್ಕೋ. ಇದನ್ನ ಕಟ್ಕೊಂಡು ಸ್ಪರ್ಧೆಗೆ ಹೋಗ್ತೀಯಾ?"

ಈ ಟಿಕ್ಕು ಅಪ್ಪನ ಕಾಲದ್ದು, ಇಷ್ಟು ವರ್ಷ ಏನೂ ಆಗಿಲ್ಲ ಎಂದು ವಿನಯ ಹೇಳಿನೋಡಿದ. ನಿಮ್ಮಪ್ಪ ಸ್ಪರ್ಧೆಗೆ ಹೋಗಿರಲಿಲ್ಲ, ಎಮ್ಮೆಗೆ ಇಂಜೆಕ್ಷನ್ ಕೊಡಲು ಹೋಗುತ್ತಿದ್ದರು ಎಂದು ಬೆನಕಪ್ಪ ಅವನ ಬಾಯಿ ಮುಚ್ಚಿಸಿದರು. ಅರ್ಧ ಗಂಟೆಯಲ್ಲಿ ಇಬ್ಬರೂ ಹೊನ್ನಾಳಿ ರಸ್ತೆಯ ಓಬಳೇಶನ ಗ್ಯಾರೇಜಿನಲ್ಲಿದ್ದರು.

ಓಬಳೇಶ ಜಗಳೂರು ತಾಲೂಕಿನ ಸೊಕ್ಕೆಯವನು. ಗ್ಯಾರೇಜು ಹಾಕಿ ಕೆಲವೇ ತಿಂಗಳಾಗಿದ್ದರಿಂದ ಊರಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಆದ್ದರಿಂದ ಗಿರಾಕಿ ಏನು ಅಂದರೂ ಹೌದು ಅನ್ನುವುದನ್ನು ರೂಢಿ ಮಾಡಿಕೊಂಡಿದ್ದ. ಟಿಕ್ ಕೇಳಿ, ಇದು ಟ್ಯಾಪೆಟ್ಟೇ ಅಂದ. ಏನೂ ತೊಂದರೆಯಿಲ್ಲ ಅಲ್ಲವೇ ಎಂದು ವಿನಯ ಕೇಳಿದಾಗ, ಏನೂ ಇಲ್ಲ ಅಂದ. ಬದಲಾಯಿಸಲೇಬೇಕಲ್ಲವೇ ಎಂದು ಬೆನಕಪ್ಪ ಕೇಳಿದಾಗ, ಬದಲಾಯಿಸಲೇಬೇಕು ಅಂದ.

ಆಮೇಲೆ ಒಂದು ತಗಡಿನ ಡಬ್ಬಿ ತಂದು ಗೋಣಿಚೀಲದ ಮೇಲೆ ಸುರಿದ. ಬೆರಳಷ್ಟು ಉದ್ದದ, ಒಂದು ಬದಿ ಉಬ್ಬಿದ ಕಬ್ಬಿಣದ ತುಂಡುಗಳು ಹೊರಗೆ ಬಿದ್ದವು. ಕ್ಯಾಮ್ ಎಂದರೆ ಇದೇ. ಅದು ತಿರುಗಿದಾಗ ಆ ಉಬ್ಬು ಮೇಲಿರುವ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ಟು ಕಡ್ಡಿಯನ್ನು ತಳ್ಳುತ್ತದೆ, ಇಂಜಿನ್ನಿನ ಬಾಯಿ ತೆರೆಯುತ್ತದೆ. ಎಷ್ಟು ಅಗಲ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಆ ಉಬ್ಬಿನ ಮೇಲೆ ನಿಂತಿದೆ.

"ಇದು ಕಂಪನಿ ಕೊಟ್ಟಂಗಿರೋದು," ಓಬಳೇಶ ಮೊದಲನೆಯದನ್ನು ಎತ್ತಿ ತೋರಿಸಿದ. "ಹೊತ್ತಿಗೆ ಸರಿಯಾಗಿ ಉಂಡು ಏಳೋ ಪೈಕಿ. ಇದು ಒಂಚೂರು ಜಾಸ್ತಿ ಉಣ್ಣುತ್ತೆ. ಇದೈತಲ್ಲ, ಇದು ರೇಸಿಂದು. ಬಾಯಿ ಮುಚ್ಚೋದೇ ಇಲ್ಲ. ಕೆಳಗೆ ಕುಂಟುತ್ತೆ, ಮೇಲೆ ಹೋದ್ರೆ ಹಾರುತ್ತೆ. ನೀವು ಹೆಂಗೆ ಓಡಿಸ್ತೀರಿ ಅನ್ನೋದರ ಮೇಲೆ ಅಣ್ಣ."

ವಿನಯ ಹೇಗೆ ಓಡಿಸುತ್ತಿದ್ದ ಎಂದರೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಸಂತೆಗೆ, ನಡುವೆ ತಾಲೂಕು ಆಫೀಸಿನ ಮುಂದಿನ ಹಂಪು. ಅದನ್ನು ಹೇಳಲು ಅವನಿಗೆ ನಾಚಿಕೆಯಾಯಿತು. ಎರಡನೆಯದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಪಕ್ಕದ ಪಂಕ್ಚರ್ ಅಂಗಡಿಯವನು, ಟೀ ಕುಡಿಯುತ್ತಿದ್ದ ಇಬ್ಬರು ಆಟೋದವರು ಸುತ್ತ ಬಂದು ಕೂತಾಗಿತ್ತು. ಒಬ್ಬ ನಡುವಿನದೇ ಸರಿ ಅಂದ, ಇನ್ನೊಬ್ಬ ಹಳೆಯದನ್ನೇ ಬಿಡಿ ಅಂದ. ಬೆನಕಪ್ಪ ಮಾತ್ರ ಮೂರನೆಯದನ್ನು ಎತ್ತಿ ಅವನ ಅಂಗೈಲಿಟ್ಟು ಬೆರಳು ಮಡಚಿದರು.

"ಮನೆಗೆ ಪಾತ್ರೆ ತರುವಾಗ ಚಿಕ್ಕದು ತರ್ತೀಯೇನು? ದೊಡ್ಡದಿದ್ರೆ ಅದರಾಗೇ ಸ್ವಲ್ಪ ಮಾಡಬಹುದು. ಚಿಕ್ಕದಿದ್ರೆ ಜಾಸ್ತಿ ಮಾಡಾಕೆ ಬರಲ್ಲ."

ವಿಡಿಯೋದಲ್ಲಿ ಮೊಣಕಾಲು ತಾಗಿಸಿ ಹೊರಳುವವರು ವಿನಯನ ಕಣ್ಣ ಮುಂದೆ ಸುಳಿದರು. ಅವನು ಮೂರನೆಯದಕ್ಕೆ ಹೂಂ ಅಂದ.

ಓಬಳೇಶ ಇಂಜಿನ್ನಿನ ಬದಿಯ ಮುಚ್ಚಳ ಬಿಚ್ಚಿ ಹಳೆಯ ಕ್ಯಾಮ್ ಜೋಡಿಯನ್ನು ಹೊರಗೆ ತೆಗೆದ. ಟ್ಯಾಪೆಟ್ಟುಗಳನ್ನೂ ತೆಗೆದ. ಅವು ಚೆನ್ನಾಗಿಯೇ ಇವೆಯಲ್ಲ ಎಂದು ವಿನಯ ಕೇಳಿದ್ದಕ್ಕೆ, ಕ್ಯಾಮ್ ಬದಲಾದರೆ ಟ್ಯಾಪೆಟ್ಟೂ ಬದಲಾಗಬೇಕು, ಎರಡೂ ಒಟ್ಟಿಗೆ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಗಂಡ ಹೆಂಡಿರ ಹಾಗೆ, ಒಂದನ್ನು ಬಿಟ್ಟು ಒಂದು ಬಾಳುವುದಿಲ್ಲ ಅಂದ. ಹಳೆಯವನ್ನು ಒರೆಸಿ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟ. ಅಪ್ಪನ ಕನ್ನಡಕವನ್ನು ಕಪಾಟಿನಲ್ಲಿಟ್ಟ ದಿನ ನೆನಪಾಗಿ ವಿನಯ ಬೇರೆ ಕಡೆ ನೋಡಿದ.

ಬೇರೆ ಕಡೆ, ಗ್ಯಾರೇಜಿನ ಮೂಲೆಯಲ್ಲಿ, ಗೋಣಿಚೀಲ ಹೊದಿಸಿದ ಇನ್ನೊಂದು ಹಳೇ ಬುಲೆಟ್ಟು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅದು ಯಾರದು ಎಂದು ಕೇಳಿದ. ಹೊನ್ನಾಳಿ ಕಡೆಯವರದು, ಹೋದ ವಾರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾರೆ, ಕ್ಯಾಮು ಪೂರಾ ಸವೆದು ಸ್ಟಾರ್ಟೇ ಆಗುವುದಿಲ್ಲ, ದಾವಣಗೆರೆಯಿಂದ ಪಾರ್ಟು ಬರಬೇಕಿತ್ತು ಬರಲಿಲ್ಲ, ಮಧ್ಯಾಹ್ನ ಬಂದರೆ ಅವರಿಗೆ ಏನು ಹೇಳಲಿ ಎಂದು ಓಬಳೇಶ ತಲೆ ಕೆರೆದುಕೊಂಡ. ನಿಮ್ಮ ಡಬ್ಬಿಯಲ್ಲಿ ಇದೆಯಲ್ಲ ಅಂದರೆ, ಕ್ಯಾಮಿದೆ, ಟ್ಯಾಪೆಟ್ಟು ಇದ್ದದ್ದು ಒಂದೇ ಜೋಡಿ, ಅದು ನಿಮ್ಮ ಗಾಡಿಗೆ ಹೋಗುತ್ತಲ್ಲ ಅಂದ.

ವಿನಯನಿಗೆ ಕರುಣೆ ಉಕ್ಕಿತು. ಆಗಲೇ ಗೆದ್ದವನ ಧಾರಾಳ ಅವನಲ್ಲಿ ಬಂದಿತ್ತು.

"ನಮ್ಮದನ್ನೇ ಹಾಕಪ್ಪ. ಟ್ಯಾಪೆಟ್ ಸಮೇತ ಹಾಕು. ಪುಕ್ಕಟೆ ಅಂತ ಹೇಳು. ಪಾಪ, ಹಳೇ ಗಾಡಿಗೆ ಹಳೇದು ಸಾಕು."

ಓಬಳೇಶ ಕೈ ಮುಗಿದ. ಬೆನಕಪ್ಪ ಮೆಚ್ಚಿ ತಲೆದೂಗಿದರು. ತನ್ನ ದೊಡ್ಡತನವನ್ನು ವಿನಯನೂ ಮನಸ್ಸಿನಲ್ಲೇ ಮೆಚ್ಚಿಕೊಂಡ.

ಹೊಸ ಕ್ಯಾಮ್ ಹಾಕಿ ಕಿಕ್ ಹೊಡೆದಾಗ ಗಾಡಿ ಮೊದಲು ಅವನ ಕಾಲಿಗೇ ತಿರುಗಿ ಒದೆಯಿತು. ಕುಂಟುತ್ತ ಎರಡನೇ ಸಲ ಹೊಡೆದಾಗ ಎದ್ದು ಭೋರೆಂದಿತು. ಡಗ್ಗೂ ಇಲ್ಲ, ಟಿಕ್ಕೂ ಇಲ್ಲ. ಕೆಮ್ಮು, ಸೀನು, ಆರ್ಭಟ ಒಂದಾದ ಮೇಲೊಂದು. ಹ್ಯಾಂಡಲಿನಲ್ಲಿ ಎಕ್ಸಲರೇಟರಿನ ಕಿವಿ ತಿರುಗಿಸುವುದು ಸ್ವಲ್ಪ ಬಿಟ್ಟರೆ ಆರಿಹೋಗುತ್ತಿತ್ತು. ಆಟೋದವರು ಎದ್ದು ದೂರ ಹೋಗಿ ನಿಂತರು.

ಬೆನಕಪ್ಪ ತಾವೂ ಬರುತ್ತೇನೆಂದು ಹಿಂದೆ ಹತ್ತಿ ಕೂತರು. ಊರು ದಾಟುವತನಕ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿತು. ಪ್ರತಿ ಹಂಪಿನಲ್ಲೂ ನಿಂತಿತು, ಪ್ರತಿ ಸಲವೂ ಒದೆಯಿತು. ಉಡಚಮ್ಮನ ಮನೆ ಮುಂದೆ ಹಾದುಹೋದಾಗ ಅಂಗಳದಲ್ಲಿ ಯಾರೂ ಕಾಣಲಿಲ್ಲ. ಊರಾಚೆ ಖಾಲಿ ರಸ್ತೆ ಸಿಕ್ಕಿ ವಿನಯ ಕಿವಿ ತಿರುಗಿಸಿದ ಮೇಲೆ ಓಬಳೇಶ ಹೇಳಿದ್ದು ನಿಜವಾಯಿತು. ಗಾಡಿ ಹಾರಿತು. ಬೆನಕಪ್ಪನವರ ಹೆಗಲ ಟವಲೂ ಹಾರಿತು. ಅವರು ಹಿಂದಿನಿಂದ ಏನೋ ಕೂಗಿ ಹೇಳುತ್ತಿದ್ದರು. ಗಾಳಿಯಲ್ಲಿ ಅರ್ಧ ಮಾತ್ರ ಕೇಳಿತು, ಏನೇ ಆಗಲಿ ಕಾಲು ಊರಬೇಡ, ಕಾಲು ಊರಿದರೆ ಔಟು. ಈ ವೇಗದಲ್ಲಿ ಯಾವ ಹುಚ್ಚ ಕಾಲು ಊರುತ್ತಾನೆ ಎಂದುಕೊಂಡು ವಿನಯ ನಕ್ಕ.

ಅಷ್ಟರಲ್ಲಿ ಕುರಿ ಹಿಂಡು ಬಂತು. ಹಿಂಡು ರಸ್ತೆ ದಾಟುವತನಕ ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋಗುವುದನ್ನು ಗಾಡಿ ಬೆಳಿಗ್ಗೆಯಿಂದ ಮರೆತಿತ್ತು. ನಡುರಸ್ತೆಯಲ್ಲಿ ಆರಿ ನಿಂತಿತು. ಕುರಿಗಳು ಎರಡೂ ಬದಿಯಿಂದ ಇವರನ್ನು ಸವರಿಕೊಂಡು ಹೋದವು. ಕುರಿ ಕಾಯುವವನು ತಾನೇ ಹಿಂದಿನಿಂದ ತಳ್ಳಿ ಸ್ಟಾರ್ಟ್ ಮಾಡಿಸಿ, ಇದಕ್ಕಿಂತ ನಡೆದುಕೊಂಡು ಹೋಗುವುದು ವಾಸಿ ಎಂದು ಹಿತ ಹೇಳಿದ.

ಹೊನ್ನಾಳಿಯ ಮೈದಾನ ಮುಟ್ಟುವ ಹೊತ್ತಿಗೆ ವಿನಯನ ಅಂಗಿ ಬೆನ್ನಿಗೆ ಅಂಟಿತ್ತು. ಶಾಮಿಯಾನದಡಿ ಮಾವ ಕಲ್ಲೇಶಪ್ಪನವರು ಗರಿಗರಿ ಪಂಚೆಯಲ್ಲಿ ನಡುವಿನ ಕುರ್ಚಿಯಲ್ಲಿದ್ದರು. ಹಗ್ಗದಾಚೆ ಪ್ರೇಮಲತಾ ತಂಗಿಯ ಜೊತೆ ಮಂಡಕ್ಕಿ ತಿನ್ನುತ್ತಿದ್ದಳು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಪಟ್ಟೆ ಪಟ್ಟೆಯಾಗಿ ಗೆರೆ ಎಳೆದಿದ್ದರು. ಈ ತುದಿಯಿಂದ ಆ ತುದಿಗೆ ಕೂಗಿದರೆ ಕೇಳುವಷ್ಟು ದೂರ. ರೇಸಿಗೆ ಇಷ್ಟು ಚಿಕ್ಕ ಜಾಗವೇ ಎಂದು ವಿನಯನಿಗೆ ಅನುಮಾನ ಬಂತು. ಆದರೆ ಅನುಮಾನಕ್ಕೆ ಅವಕಾಶ ಕೊಡದೆ ಸಂಘದವರು ಅವನನ್ನು ಗೆರೆಗೆ ತಂದು ನಿಲ್ಲಿಸಿದರು. ಸಾಲಿನ ಇನ್ನೊಂದು ಕೊನೆಯಲ್ಲಿ ಹೆಲ್ಮೆಟ್ಟು ಹಾಕಿದ ಯಾರೋ ತಡವಾಗಿ ಬಂದು ಸೇರಿಕೊಂಡರು. ಇವನ ಗಾಡಿಯ ಆರ್ಭಟದಲ್ಲಿ ಬೇರೆ ಯಾವ ಗಾಡಿಯ ಸದ್ದೂ ಕೇಳುವಂತಿರಲಿಲ್ಲ.

ಆಗ ಮೈಕು ಮಾತಾಡಿತು.

"ನಿಯಮ ಎಲ್ಲರಿಗೂ ಗೊತ್ತಿರೋದೇ. ಕಾಲು ಊರಬಾರದು, ಗಾಡಿ ನಿಲ್ಲಬಾರದು, ಗೆರೆ ದಾಟಿ ಪಕ್ಕಕ್ಕೆ ಹೋಗಬಾರದು. ಎಲ್ಲರಿಗಿಂತ ನಿಧಾನವಾಗಿ, ಕೊನೆಗೆ ಯಾರು ಬರ್ತಾರೋ ಅವರೇ ಪ್ರಥಮ."

ನಿಯಮ ನಿಜವಾಗಿಯೂ ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಸಂಘದವರು ಬೈಕ್ ಸ್ಪರ್ಧೆ ಇಟ್ಟರೆ ಅದು ನಿಧಾನದ ಸ್ಪರ್ಧೆಯೇ. ಜೋರು ಓಡಿಸಲು ರಸ್ತೆಯೆಲ್ಲಿದೆ, ಬಿಡುವವರು ಯಾರಿದ್ದಾರೆ? ಇದನ್ನು ಬಾಯಿಬಿಟ್ಟು ಹೇಳಬೇಕೆಂದು ರುದ್ರಸ್ವಾಮಿಗೆ ಅನ್ನಿಸಿರಲಿಲ್ಲ, ಪ್ರೇಮಲತಾಗೂ ಅನ್ನಿಸಿರಲಿಲ್ಲ. ವಿನಯ ತಿರುಗಿ ಬೆನಕಪ್ಪನವರ ಕಡೆ ನೋಡಿದ. ಅವರು ಹಗ್ಗದ ಬಳಿಯಿಂದ ಎರಡೂ ಕೈಯೆತ್ತಿ, ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡುತ್ತಿದ್ದರು. ಪವರ್ ಜಾಸ್ತಿ ಇದ್ದಷ್ಟೂ ಹಿಡಿದು ನಿಲ್ಲಿಸುವುದು ಸಲೀಸು ಎಂಬುದು ಅವರ ಲೆಕ್ಕವಾಗಿತ್ತು ಎಂದು ಆಮೇಲೆ ತಿಳಿಯಿತು.

ಸೀಟಿ ಊದಿದರು. ವಿನಯನ ಎದುರು ಎರಡೇ ದಾರಿ. ಕಿವಿ ಬಿಟ್ಟರೆ ಗಾಡಿ ಆರುತ್ತದೆ, ಆರಿದರೆ ಔಟು. ಕಿವಿ ಹಿಡಿದರೆ ಹಾರುತ್ತದೆ. ಅವನು ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ, ಬ್ರೇಕನ್ನು ಹಲ್ಲು ಕಚ್ಚಿ ಒತ್ತಿದ, ಮನೆದೇವರನ್ನು ನೆನೆದ. ಗಾಡಿ ಒಂದು ಸಲ ಸೀನಿತು, ಒಂದು ಸಲ ಕುಪ್ಪಳಿಸಿತು, ಮೂರನೆಯ ಸಲಕ್ಕೆ ಅವನನ್ನು ಎತ್ತಿಕೊಂಡು ಗೆರೆಯ ಆ ತುದಿ ದಾಟಿ, ಶಾಮಿಯಾನದ ಕಂಬಕ್ಕೆ ಮುಖವಿಟ್ಟು ನಿಂತು ಆರಿಹೋಯಿತು. ಉಳಿದವರ ಗಾಡಿಗಳ ಮುಂದಿನ ಚಕ್ರ ಇನ್ನೂ ಸುಣ್ಣದ ಗೆರೆಯ ಮೇಲೇ ಇತ್ತು. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು.

ಕಲ್ಲೇಶಪ್ಪನವರು ಕುರ್ಚಿಯಿಂದ ಬಗ್ಗಿ ನೋಡಿದರು. "ಅಳಿಯಂದ್ರೇ, ಯಾಕೆ ಅಷ್ಟು ಅವಸರ? ಮನೇಲಿ ಏನಾದ್ರೂ ಕೆಲಸ ಇತ್ತಾ?"

ವಿನಯ ತಲೆ ತಗ್ಗಿಸಿ ಗಾಡಿ ಇಳಿದ. ಅಪ್ಪನ ಗಾಡಿ ಹೋಯಿತು. ಪ್ರೇಮಲತಾ ಹಗ್ಗದಾಚೆಯಿಂದ ಈಚೆ ಬಂದು ಪಕ್ಕದಲ್ಲಿ ನಿಂತಳು. ಅತ್ತ ಮೈದಾನದಲ್ಲಿ ಒಬ್ಬೊಬ್ಬರೇ ಕಾಲು ಊರಿ ಔಟಾದರು. ಕೊನೆಗೆ ಉಳಿದವನು ಹೆಲ್ಮೆಟ್ಟಿನವನು, ಹಳೇ ಬುಲೆಟ್ಟಿನ ಮೇಲೆ. ಆ ಗಾಡಿ ಹೋಗುತ್ತಿದೆಯೋ ನಿಂತಿದೆಯೋ ಎಂದು ನೆಲ ನೋಡಿ ತಿಳಿಯಬೇಕಾಗಿತ್ತು. ಗಲಾಟೆ ಮಾಡುತ್ತಿದ್ದ ಜನ ಉಸಿರು ಹಿಡಿದು ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಗಾಡಿಯ ಸದ್ದು ಸ್ಪಷ್ಟವಾಗಿ ಕೇಳಿಬಂತು.

ಡಗ್. ಡಗ್. ಡಗ್. ಟಿಕ್.

ವಿನಯ ತಟ್ಟನೆ ತಲೆ ಎತ್ತಿದ. ಪ್ರೇಮಲತಾ ಮೈದಾನ ನೋಡಿದಳು, ಕಂಬಕ್ಕೆ ಒರಗಿದ ತಮ್ಮ ಗಾಡಿ ನೋಡಿದಳು, ಮತ್ತೆ ಮೈದಾನ ನೋಡಿದಳು.

"ರೀ," ಅಂದಳು ಮೆಲ್ಲಗೆ, "ನಮ್ಮ ಗಾಡೀನ ಅಲ್ಲಿ ಓಡಿಸ್ತಿರೋದು ಯಾರು?"

ಗೆದ್ದವನು ಹೆಲ್ಮೆಟ್ಟು ತೆಗೆದ. ರುದ್ರಸ್ವಾಮಿ ನಗುತ್ತಿದ್ದ. ವಿನಯಣ್ಣನ ಬುಲೆಟ್ಟು ನೋಡಿ ನೋಡಿ ಆಸೆಯಾಗಿ ತಾನೂ ಒಂದು ಹಳೆಯದನ್ನು ತಗೊಂಡೆ, ಅಚ್ಚರಿ ಮಾಡೋಣ ಎಂದು ಹೇಳಿರಲಿಲ್ಲ, ಇವತ್ತು ಬೆಳಿಗ್ಗೆಯವರೆಗೆ ಅದು ಸ್ಟಾರ್ಟೂ ಆಗುತ್ತಿರಲಿಲ್ಲ, ಯಾರೋ ಪುಣ್ಯಾತ್ಮರು ಕ್ಯಾಮು ದಾನ ಕೊಟ್ಟರಂತೆ ಅಂದ.

ವಿನಯ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಮಾತು ತೊದಲಿತು. ಆ ಕ್ಯಾಮು ತನ್ನದು, ಅಪ್ಪನದು, ತಿಳಿಯದೆ ಕೊಟ್ಟೆ, ನಾಳೆಯೇ ಬಿಚ್ಚಿಸಿ ವಾಪಸು ಕೊಡು, ಹೊಸದನ್ನು ನಾನೇ ತರಿಸಿ ಹಾಕಿಸುತ್ತೇನೆ ಎಂದು ಹೇಳಬೇಕೆಂದಿದ್ದ. ಆ ಕ್ಯಾಮು ತನ್ನದು ಅನ್ನುವತನಕ ಮಾತ್ರ ಹೇಳಲಾಯಿತು. ಅಷ್ಟರಲ್ಲಿ ರುದ್ರಸ್ವಾಮಿ ಬಗ್ಗಿ ಅವನ ಕಾಲು ಮುಟ್ಟಿದ. ಮೇಲೆದ್ದಾಗ ಅವನ ಕಣ್ಣಲ್ಲಿ ನೀರಿತ್ತು. ಸೀದಾ ಹೋಗಿ ಮೈಕು ಹಿಡಿದ.

"ಈ ಬಹುಮಾನ ನಂದಲ್ಲ. ನಾನು ಗೆಲ್ಲಲಿ ಅಂತ ನಮ್ಮಣ್ಣ ತಮ್ಮ ಗಾಡಿ ಒಳಗಿಂದು ಬಿಚ್ಚಿ ಕೊಟ್ಟು, ತಾವು ಸೋತಾರೆ. ಹೇಳಿಯೂ ಇರಲಿಲ್ಲ. ಇಂಥ ಅಣ್ಣ ಎಲ್ಲಿ ಸಿಗ್ತಾರೆ ಹೇಳ್ರಿ."

ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಲ್ಲೇಶಪ್ಪನವರು ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ಹಿರಿಯಳಿಯನಿಗೆ ಹೊದಿಸಿ, ಇಷ್ಟು ವರ್ಷ ನಿಮ್ಮನ್ನು ತಪ್ಪು ತಿಳಿದಿದ್ದೆ ಅಂದರು. ಬೆನಕಪ್ಪ ಪಕ್ಕದವರಿಗೆ, ಕೊಡು ಅಂದವನೇ ನಾನು ಎಂದು ಹೇಳುತ್ತಿದ್ದರು. ಶಾಲು ಹೊದ್ದು ಕೈ ಮುಗಿದು ನಿಂತವನು ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ವಿನಯ ನಗಲು ಪ್ರಯತ್ನಿಸಿದ. ಯಾರೋ ಫೋಟೋ ತೆಗೆದರು.

ಎಲ್ಲ ಮುಗಿದ ಮೇಲೆ ಅವನು ಹೆಂಡತಿಯ ಹತ್ತಿರ ಬಂದು, ಮಾತು ಕೊಟ್ಟ ಹಾಗೆ ನಾಳೆ ಗಾಡಿ ಮಾರುತ್ತೇನೆ ಅಂದ. ಪ್ರೇಮಲತಾ ಅವನ ಮುಖವನ್ನೇ ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

"ಮಾರಾಕೆ ಏನೈತೆ?" ಅಂದಳು. "ನಿಮ್ಮಪ್ಪಾರ ಗಾಡೀನ ಬೆಳಿಗ್ಗೆನೇ ಪುಕ್ಕಟೆ ಕೊಟ್ಟೀರಲ್ಲ. ಉಳಿದದ್ದನ್ನ ಯಾರು ತಗೋತಾರೆ? ಇಟ್ಕೊಳ್ರಿ."

ಅವಳೂ ಬೆನಕಪ್ಪನವರೂ ಬಸ್ಸಿಗೆ ಹೋದರು. ಆ ಗಾಡಿಯ ಮೇಲೆ ಕೂರಲು ಇಬ್ಬರೂ ಒಪ್ಪಲಿಲ್ಲ. ವಿನಯ ಒಬ್ಬನೇ ಶಾಲು ಹೊದ್ದುಕೊಂಡು, ಖಾಲಿ ರಸ್ತೆಯಲ್ಲಿ ಹಾರುತ್ತ, ಊರುಗಳಲ್ಲಿ ತಳ್ಳುತ್ತ, ಹೊತ್ತು ಮುಳುಗುವಾಗ ನ್ಯಾಮತಿ ಮುಟ್ಟಿದ. ಸರಿಯಾಗಿ ಉಡಚಮ್ಮನ ಮನೆಯ ಮುಂದೆ ಗಾಡಿ ಆರಿತು. ಕಿಕ್ ಹೊಡೆದ, ಅದು ಒದೆಯಿತು. ಮತ್ತೆ ಹೊಡೆದ, ಢಂ ಎಂದು ಸಿಡಿಯಿತು. ಕೊಟ್ಟಿಗೆಯಲ್ಲಿ ಎಮ್ಮೆ ಬೆದರಿ ಹಗ್ಗ ಜಗ್ಗಿತು.

ಬಾಗಿಲು ತೆರೆದು ಉಡಚಮ್ಮ ಅಂಗಳಕ್ಕೆ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಆರ್ಭಟಿಸುವ ಗಾಡಿಯನ್ನೂ ಶಾಲು ಹೊದ್ದ ಆಳನ್ನೂ ಬಹಳ ಹೊತ್ತು ನೋಡಿದಳು.

"ಯಾವೂರೋರಪ್ಪಾ ನೀವು?" ಎಂದು ಕೇಳಿದಳು.